ಯಾರೋ ಕಟ್ಟಿದ ಡೇಟಾಬೇಸ್ ನಿಮ್ಮ ಕೈಗೆ ಬಂದಾಗ ಮೊದಲು ಏನು ಮಾಡಬೇಕು

ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರ) ಕೆಲಸದಲ್ಲಿ ಹೊಸ ಡೇಟಾಬೇಸ್ ಕಟ್ಟುವ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ಯಾರೋ ಕಟ್ಟಿ, ಇನ್ಯಾರೋ ತಿದ್ದಿ, ಇಬ್ಬರೂ ಕೆಲಸ ಬಿಟ್ಟ ಮೇಲೆ ಅದು ನಿಮ್ಮ ತಲೆಗೆ ಬರುತ್ತದೆ. ಬಂದ ಕೂಡಲೇ ನಿಧಾನವಾದ ಕ್ವೆರಿಗಳನ್ನು (ಡೇಟಾ ಕೇಳುವ ಆಜ್ಞೆಗಳನ್ನು) ಸರಿ ಮಾಡಿ ಭೇಷ್ ಅನ್ನಿಸಿಕೊಳ್ಳೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಮೊದಲು ಬ್ಯಾಕಪ್ ಎಲ್ಲಿದೆ ಹುಡುಕಿ.

"ದಿನಾ ರಾತ್ರಿ ಬ್ಯಾಕಪ್ ಆಗುತ್ತೆ" ಎಂದು ಯಾರು ಹೇಳಿದರೂ ನಂಬಬೇಡಿ. ಫೈಲ್ ಇರುವ ಜಾಗಕ್ಕೆ ನೀವೇ ಹೋಗಿ, ಅದರ ತಾರೀಕು ನೋಡಿ, ಸೈಜ್ ನೋಡಿ. ಆಮೇಲೆ ಅದನ್ನು ಒಂದು ಖಾಲಿ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ. ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ದೊಡ್ಡ ಟೇಬಲ್‌ಗಳಲ್ಲಿ ರೋ (ಸಾಲು) ಎಷ್ಟಿವೆ, ಕೊನೆಯ ಎಂಟ್ರಿ ಯಾವ ಹೊತ್ತಿನದು ಎಂದು ಪ್ರೊಡಕ್ಷನ್ (ನಿಜವಾಗಿ ಬಳಕೆಯಲ್ಲಿರುವ ಡೇಟಾಬೇಸ್) ಜೊತೆ ತಾಳೆ ನೋಡಿ. ರಿಸ್ಟೋರ್‌ಗೆ ಒಂಬತ್ತು ಗಂಟೆ ಬೇಕು ಅಂತ ಗೊತ್ತಾದರೆ, ಒಂದು ಗಂಟೆಯಲ್ಲಿ ಎಲ್ಲ ವಾಪಸ್ ತರುತ್ತೇವೆ ಎಂದುಕೊಂಡು ಕೂತಿರುವ ಮ್ಯಾನೇಜರ್‌ಗೆ ಅದನ್ನು ಇವತ್ತೇ ಹೇಳಿಬಿಡಿ.

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಆದದ್ದು ಈ ಕೆಲಸಕ್ಕೆ ಬರುವ ಎಲ್ಲರಿಗೂ ಗೊತ್ತಿರಬೇಕು. ಮುಖ್ಯ ಸರ್ವರ್‌ನ ನಕಲಾಗಿ ಓಡುವ ರೆಪ್ಲಿಕಾ ಹಿಂದೆ ಬಿದ್ದಿತ್ತು. ಅದನ್ನು ಸರಿ ಮಾಡಲು ಕೂತ ಇಂಜಿನಿಯರ್, ರೆಪ್ಲಿಕಾ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಫೋಲ್ಡರನ್ನೇ ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇಡುವ ಜಾಗ ನೋಡಿದರೆ ಖಾಲಿ! ಅವರ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನ ಆವೃತ್ತಿ 9.6, ಬ್ಯಾಕಪ್ ತೆಗೆಯಬೇಕಿದ್ದ ಪಿಜಿ ಡಂಪ್ ಪ್ರೋಗ್ರಾಂ ಹಳೆಯ 9.2ರದ್ದು, ಹಾಗಾಗಿ ಅದು ಎರರ್ ಕೊಟ್ಟು ನಿಲ್ಲುತ್ತಿತ್ತು. ಆ ಎರರ್ ತಿಳಿಸುವ ಮೇಲ್‌ಗಳೂ ಹೊರಡುತ್ತಿದ್ದವು, ಆದರೆ ಅವುಗಳಿಗೆ ಸಹಿ ಇಲ್ಲ ಎಂದು ನಕಲಿ ಮೇಲ್ ತಡೆಯುವ ಡಿಮಾರ್ಕ್ ನಿಯಮದಡಿ ಮೇಲ್ ಸರ್ವರ್ ತಳ್ಳಿಹಾಕುತ್ತಿತ್ತು. ಕೊನೆಗೆ ಕೈಹಿಡಿದದ್ದು, ಟೆಸ್ಟ್ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ನಕಲು. ಇಷ್ಟನ್ನೂ ಮುಚ್ಚಿಡದೆ ಅವರೇ ಬರೆದು ಪ್ರಕಟಿಸಿದರು, ಅದನ್ನು ಮೆಚ್ಚಲೇಬೇಕು.

ಅದಕ್ಕೇ ಅಲಾರಂ ಇಡುವಾಗ ಉಲ್ಟಾ ಇಡಿ. ಬ್ಯಾಕಪ್ ಫೇಲ್ ಆದರೆ ಮೇಲ್ ಬರಲಿ ಅನ್ನುವುದು ಸಾಲದು. ಬೆಳಿಗ್ಗೆ ಇಷ್ಟು ಗಂಟೆಯೊಳಗೆ "ಆಯಿತು" ಎಂಬ ಸುದ್ದಿ ಬರದಿದ್ದರೆ ಫೋನ್ ಬಡಿದುಕೊಳ್ಳಬೇಕು. ಇನ್ನು ರೆಪ್ಲಿಕಾ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ನೀವು ತಪ್ಪಾಗಿ ಮಾಡಿದ ಡಿಲೀಟ್ ಮರುಕ್ಷಣವೇ ರೆಪ್ಲಿಕಾದಲ್ಲೂ ಆಗಿರುತ್ತದೆ ಎಂದು ಹೇಳಿ.

ಪ್ರೊಡಕ್ಷನ್‌ನಲ್ಲಿ ಕೈಯಾರೆ ಡೇಟಾ ತಿದ್ದುವ ದಿನ ಬರುತ್ತದೆ. ಟರ್ಮಿನಲ್‌ನ ಬಣ್ಣ ಬೇರೆ ಮಾಡಿಕೊಳ್ಳಿ, ಪ್ರೊಡಕ್ಷನ್ ಅಂದರೆ ಕೆಂಪು. ಅಪ್‌ಡೇಟ್ ಬರೆಯುವ ಮೊದಲು ಅದೇ ವೇರ್ (ಯಾವ ರೋ ಎಂದು ಹೇಳುವ ಷರತ್ತು) ಹಾಕಿ ಸೆಲೆಕ್ಟ್ (ಬರೀ ಓದುವ ಆಜ್ಞೆ) ಮಾಡಿ, ಎಷ್ಟು ರೋ ಬಂತು ನೋಡಿ. ಆಮೇಲೆ ಬಿಗಿನ್ (ಇಲ್ಲಿಂದ ಬದಲಾವಣೆ ಶುರು ಎಂಬ ಆಜ್ಞೆ), ಅಪ್‌ಡೇಟ್, ಮತ್ತೆ ಎಣಿಕೆ. ಮೊದಲು 12 ಬಂದಿತ್ತು, ಈಗ 12,000 ಎಂದರೆ ರೋಲ್‌ಬ್ಯಾಕ್, ಮಾಡಿದ್ದು ರದ್ದಾಗುತ್ತದೆ. ಹೊಂದಿದರೆ ಕೂಡಲೇ ಕಮಿಟ್, ಬದಲಾವಣೆ ಖಾಯಂ ಆಗುತ್ತದೆ. ಬಿಗಿನ್ ಕೊಟ್ಟು ಮೀಟಿಂಗ್‌ಗೆ ಎದ್ದು ಹೋಗಬೇಡಿ, ಆ ಸಾಲುಗಳನ್ನು ಬೇರೆಯವರು ತಿದ್ದದಂತೆ ತಡೆಯುವ ಲಾಕ್ ನೀವು ಬರುವವರೆಗೂ ಹಾಗೇ ಇರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ (ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್) ಇನ್ನೊಂದು ಅಪಾಯ ಇದೆ: ನಡುವೆ ಆಲ್ಟರ್ ಟೇಬಲ್ (ಟೇಬಲ್‌ನ ರಚನೆ ಬದಲಿಸುವ ಆಜ್ಞೆ) ಕೊಟ್ಟರೆ ಅಲ್ಲಿಯವರೆಗಿನದೆಲ್ಲ ತಾನಾಗಿ ಕಮಿಟ್ ಆಗಿಬಿಡುತ್ತದೆ.

ಲಾಕ್ ವಿಷಯ ಬಂತಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅನುಭವ ಇರುವವರೂ ಇಲ್ಲಿ ಎಡವುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್ ಮೇಲೆ ಇಪ್ಪತ್ತು ನಿಮಿಷದ ರಿಪೋರ್ಟ್ ಓಡುತ್ತಿದೆ. ನೀವು ಒಂದು ಕಾಲಂ ಸೇರಿಸಲು ಆಲ್ಟರ್ ಟೇಬಲ್ ಕೊಡುತ್ತೀರಿ, ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಅದಕ್ಕೆ ಇಡೀ ಟೇಬಲ್‌ನ ಲಾಕ್ ಬೇಕು, ರಿಪೋರ್ಟ್ ಮುಗಿಯುವವರೆಗೆ ಅದು ಕಾಯುತ್ತದೆ. ಅದರ ಹಿಂದೆ ಬಂದ ಸಣ್ಣಪುಟ್ಟ ಸೆಲೆಕ್ಟ್‌ಗಳೂ ಕಾಯುತ್ತವೆ, ರಿಪೋರ್ಟ್‌ಗಾಗಿ ಅಲ್ಲ, ನಿಮ್ಮ ಆಲ್ಟರ್‌ಗಾಗಿ. ನೋಡ್ತಾ ನೋಡ್ತಾ ಕನೆಕ್ಷನ್‌ಗಳೆಲ್ಲ ಭರ್ತಿ, ಆ್ಯಪ್ ನಿಂತು ಹೋಯಿತು, ಸಿಪಿಯು ನೋಡಿದರೆ ಆರಾಮಾಗಿ ಕೂತಿದೆ. ಆಗ ಕ್ಯಾನ್ಸಲ್ ಮಾಡಬೇಕಾದದ್ದು ನಿಮ್ಮ ಆಲ್ಟರನ್ನೇ. ಮುಂದೆ ಇಂಥ ಕೆಲಸಕ್ಕೆ ಮುಂಚೆ ಲಾಕ್ ಟೈಮ್‌ಔಟ್ ಎರಡು ಸೆಕೆಂಡ್ ಇಟ್ಟುಕೊಳ್ಳಿ. ಸಿಗಲಿಲ್ಲವಾದರೆ ಅದು ಬಿಟ್ಟು ಬರುತ್ತದೆ, ಸ್ವಲ್ಪ ಬಿಟ್ಟು ಮತ್ತೆ ಕೊಡಿ.

ಕ್ವೆರಿಗಳ ಕೆಲಸ ಇದೆಲ್ಲದರ ನಂತರ. ಅಲ್ಲೂ ಒಂದು ಮಾತು: ಯಾವುದು ಜಾಸ್ತಿ ಹೊತ್ತು ಓಡುತ್ತದೆ ಅಂತ ನೋಡಬೇಡಿ, ಒಟ್ಟು ಸಮಯ ಯಾವುದು ತಿನ್ನುತ್ತಿದೆ ನೋಡಿ. 30 ಸೆಕೆಂಡಿನ ರಿಪೋರ್ಟ್ ದಿನಕ್ಕೊಮ್ಮೆ ಓಡಿದರೆ ಓಡಲಿ ಬಿಡಿ. 5 ಮಿಲಿಸೆಕೆಂಡಿನದು ದಿನಕ್ಕೆ ಹತ್ತು ಲಕ್ಷ ಸಲ ಓಡಿದರೆ ಅದು 5,000 ಸೆಕೆಂಡ್.

ಸಣ್ಣ ಸಂಗತಿಗಳು ಎರಡು. ಐಡಿ ಕಾಲಂ ಸಾಮಾನ್ಯ ಇಂಟ್ (ಪೂರ್ಣಾಂಕ) ಆಗಿದ್ದರೆ 2,14,74,83,647ಕ್ಕೆ ಮುಗಿಯಿತು, ಈಗ ಎಷ್ಟಕ್ಕೆ ಬಂದಿದೆ ನೋಡಿಟ್ಟುಕೊಳ್ಳಿ. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ಎಂಬ ಅಕ್ಷರ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಮೂರೇ ಬೈಟ್. ಕನ್ನಡ ಅಷ್ಟರಲ್ಲಿ ಹಿಡಿಸುತ್ತದೆ, ಹಾಗಾಗಿ ಟೆಸ್ಟ್ ಪಾಸ್. ಎಮೋಜಿಗೆ ನಾಲ್ಕು ಬೇಕು.

ಡಿಸ್ಕ್ ತುಂಬಿದಾಗ ಪೋಸ್ಟ್‌ಗ್ರೆಸ್‌ನ ಪಿಜಿ ವಾಲ್ ಫೋಲ್ಡರ್ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಜಾಗ) ದೊಡ್ಡದಾಗಿ ಕಂಡರೆ ಒಳಗಿನ ಫೈಲ್ ಒಂದನ್ನೂ ಅಳಿಸಬೇಡಿ. ಅವು ಸುಮ್ನೆ ಬಿದ್ದಿರುವ ಲಾಗ್ ಅಲ್ಲ, ಅಳಿಸಿದರೆ ಡೇಟಾಬೇಸ್ ಮತ್ತೆ ಏಳದೇ ಹೋಗಬಹುದು. ಯಾರೋ ತೆಗೆದುಹಾಕಿದ ರೆಪ್ಲಿಕಾದ ಸ್ಲಾಟ್ (ಆ ರೆಪ್ಲಿಕಾಗಾಗಿ ಈ ಫೈಲ್‌ಗಳನ್ನು ಹಿಡಿದಿಡುವ ಗುರುತು) ಇನ್ನೂ ಉಳಿದಿದೆಯೇ ನೋಡಿ, ಎಷ್ಟೋ ಸಲ ಅದೇ ಕಾರಣ. ಬೇಡದ ಸ್ಲಾಟ್ ತೆಗೆದರೆ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಕೂಡ ಬಂದಿದೆ.

ರಾತ್ರಿ ಫೋನ್ ಬಂದರೆ? ರೀಸ್ಟಾರ್ಟ್ ಮಾಡಿ ಎಂದು ನಾಲ್ಕು ಜನ ಚಾಟ್‌ನಲ್ಲಿ ಕೂಗುತ್ತಿರುತ್ತಾರೆ. ಅದಕ್ಕೆ ಮೊದಲು ಆ ಕ್ಷಣ ಓಡುತ್ತಿರುವ ಸೆಷನ್‌ಗಳ ಪಟ್ಟಿ, ಯಾರು ಯಾರನ್ನು ತಡೆದಿದ್ದಾರೆ, ಡಿಸ್ಕ್ ಎಷ್ಟಿದೆ, ಇಷ್ಟನ್ನು ಒಂದು ಫೈಲ್‌ಗೆ ಉಳಿಸಿಕೊಳ್ಳಿ. ಅರ್ಧ ನಿಮಿಷದ ಕೆಲಸ, ಸ್ಕ್ರಿಪ್ಟ್ ಮೊದಲೇ ಬರೆದಿಟ್ಟಿದ್ದರೆ. ರೀಸ್ಟಾರ್ಟ್ ಆದ ಮೇಲೆ ಆ ಪಟ್ಟಿ ಸಿಗುವುದಿಲ್ಲ, ನಾಳೆ ರಾತ್ರಿ ಮತ್ತೆ ಫೋನ್ ಬರುತ್ತದೆ.