ಗೋಡೆ ಮೇಲೆ 1896ರ ಕಪ್ಪೆಗಳು: ನನ್ನ ಅನುಭವ

ನಾನು ಎಕ್ಸ್‌ರೇ ಟೆಕ್ನಿಷಿಯನ್. ಕೆಲಸಕ್ಕೆ ಸೇರಿದಾಗ ಇನ್ನೂ ಫಿಲ್ಮ್ ಕಾಲ, ಡಾರ್ಕ್‌ರೂಮಿನ ಕೆಂಪು ಲೈಟಲ್ಲಿ ಫಿಲ್ಮ್ ಡೆವಲಪರ್‌ಗೆ ಅದ್ದಿ, ತೊಳೆದು, ಫಿಕ್ಸರ್‌ಗೆ ಹಾಕಿ, ಹ್ಯಾಂಗರಲ್ಲಿ ಒಣಗ್ಲಿಕ್ಕೆ ಬಿಡುದು. ಅದಕ್ಕೇ ಇರ್ಬೇಕು, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವರು ಇಟ್ಟ ಹಳೇ ಎಕ್ಸ್‌ರೇ ಕಪ್ಪೆಗಳ ಚಿತ್ರ ನೋಡಿದ ದಿನವೇ ಇದು ನಮ್ಮನೆ ಹಾಲ್‌ಗೆ ಬೇಕು ಅಂತ ತೀರ್ಮಾನ ಮಾಡಿಬಿಟ್ಟೆ. ಎರಡು ಕಪ್ಪೆ, ಒಂದು ಬೋರಲು, ಒಂದು ಅಂಗಾತ. ಕಾಪಿರೈಟ್ ತೊಂದರೆ ಇಲ್ಲ, ಯಾರು ಬೇಕಾದ್ರೂ ಇಳಿಸ್ಕೊಂಡು ಪ್ರಿಂಟ್ ಹಾಕಿಸ್ಬಹುದು.

ಮಾಡಿದವರು ವಿಯೆನ್ನಾದ ಯೋಸೆಫ್ ಮರಿಯಾ ಎಡರ್ ಮತ್ತು ಎಡ್ವರ್ಡ್ ವಾಲೆಂಟಾ. ರಾಂಟ್ಜೆನ್ ಈ ಕಿರಣ ಕಂಡದ್ದು 1895ರ ನವೆಂಬರ್ 8ಕ್ಕೆ, ಹೆಂಡತಿಯ ಕೈಯ ಚಿತ್ರ ತೆಗೆದದ್ದು ಡಿಸೆಂಬರ್ 22ಕ್ಕೆ, ಇವರು 1896ರ ಸುರುವಲ್ಲೇ 15 ಚಿತ್ರಗಳ ಆಲ್ಬಂ ಹೊರಗೆ ತಂದಾಗಿತ್ತು! ಮೀನು, ಗೋಸುಂಬೆ, ಇಲಿ, ಮೊಲದ ಮರಿ, ಹಾವು, ಮನುಷ್ಯರ ಕೈ, ಎಲ್ಲ ಉಂಟು. ಇಬ್ಬರೂ ಫೋಟೋ ಕೆಮಿಸ್ಟ್ರಿಯ ಜನ, ಡಾಕ್ಟ್ರುಗಳಲ್ಲ, ಹಾಗಾಗಿ ಪ್ರಾಣಿಯನ್ನು ಚಿತ್ರದಲ್ಲಿ ಎಲ್ಲಿ ಇಡ್ಬೇಕು, ಸುತ್ತ ಎಷ್ಟು ಜಾಗ ಬಿಡ್ಬೇಕು ಅಂತ ನೋಡಿ ಇಟ್ಟಿದ್ದಾರೆ ಅನಿಸ್ತದೆ.

ಆದ್ರೆ ನನ್ನನ್ನು ಹಿಡಿದದ್ದು ಮೂಳೆ ಅಲ್ಲ, ಮೂಳೆ ಸುತ್ತ ಇರುವ ಮಾಂಸ. ಕಪ್ಪೆ ತೊಡೆಯ ಉಬ್ಬು, ಬೆರಳ ನಡುವಿನ ತೆಳು ಚರ್ಮ, ಎಲ್ಲ ಬೂದು ಬಣ್ಣದಲ್ಲಿ ಮಂಜಿನ ಹಾಗೆ ನಿಂತಿದೆ. ಆ ಕಾಲದ ಗಾಜಿನ ಟ್ಯೂಬಿನಿಂದ ಬರ್ತಿದ್ದ ಕಿರಣ ಮೆತ್ತಗೆ, ಅಂದ್ರೆ ಶಕ್ತಿ ಕಡಿಮೆ, ಎಕ್ಸ್‌ಪೋಶರ್ ನಿಮಿಷಗಟ್ಟಲೆ ಕೊಡ್ಬೇಕಿತ್ತು, ಮೆತ್ತಗಿನ ಕಿರಣ ಆದ್ರೆ ಮಾಂಸದ ವ್ಯತ್ಯಾಸ ಚೆನ್ನಾಗಿ ಸಿಗ್ತದೆ, ನಾವು ಈಗಲೂ ಮ್ಯಾಮೊಗ್ರಫಿಗೆ (ಸ್ತನದ ಎಕ್ಸ್‌ರೇ) ಟ್ಯೂಬಿನ ವೋಲ್ಟೇಜ್ 25-30 ಕೆವಿ (ಕಿಲೋವೋಲ್ಟ್) ಇಡುದು, ಎದೆ ಎಕ್ಸ್‌ರೇಗೆ 100ರ ಮೇಲೆ ಹೋಗುದು ಇದೇ ಕಾರಣಕ್ಕೆ. ಪ್ರಿಂಟಲ್ಲಿ ಆ ಬೂದು ಹೋದ್ರೆ ಉಳಿಯುದು ಬರೀ ಅಸ್ಥಿಪಂಜರ, ಅದು ನಂಗೆ ಬೇಡ.

ಮೊದಲ ಪ್ರಿಂಟಲ್ಲಿ ಆದದ್ದು ಅದೇ. ಸ್ಟುಡಿಯೋದವರು ಗ್ಲಾಸಿ ಪೇಪರಿಗೆ ಹಾಕಿದ್ರು, ಕಾಂಟ್ರಾಸ್ಟ್ ಏರಿಸಿ ಶಾರ್ಪ್ ಬೇರೆ ಮಾಡಿದ್ರು. ಕಪ್ಪು ನೀಲಿಗೆ ತಿರುಗಿತು, ಮಾಂಸ ಮಾಯ. ಅದರ ಮೇಲೆ ಶಾರ್ಪ್ ಮಾಡಿದ್ದಕ್ಕೆ ಸಣ್ಣ ಸಣ್ಣ ಕಾಳು ಎದ್ದು ಮರಳು ಎರಚಿದ ಹಾಗಾಯ್ತು. ಆ ಕಾಳು ತಪ್ಪಲ್ಲ ಅಂತ ನಂಗೆ ಆಮೇಲೆ ಗೊತ್ತಾದದ್ದು. ಮೂಲ ಆಲ್ಬಂ ಫೋಟೋಗ್ರಾವ್ಯೂರ್, ಅಂದ್ರೆ ತಾಮ್ರದ ತಟ್ಟೆ ಮೇಲೆ ರಾಳದ ಪುಡಿ ಕೂರಿಸಿ, ಆಸಿಡ್ ತಿನ್ನಿಸಿ, ಆ ತಗ್ಗಿಗೆ ಇಂಕ್ ತುಂಬಿಸಿ ಕಾಗದಕ್ಕೆ ಒತ್ತುದು. ಆ ರಾಳದ ಪುಡಿಯದ್ದೇ ಗುರುತು ಅದು.

ಎರಡನೇ ಸಲ ನಾನೇ ಪಕ್ಕದಲ್ಲಿ ಕೂತೆ. ಫೈಲಿಗೆ ಶಾರ್ಪ್ ಇಲ್ಲ, ಕಾಂಟ್ರಾಸ್ಟ್ ಮುಟ್ಟುದಿಲ್ಲ, ಕಂದು ಛಾಯೆ ತೆಗೆಯುದಿಲ್ಲ. ಪೇಪರ್ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಹೊಳಪಿಲ್ಲದ ಮ್ಯಾಟ್ ಕಾಟನ್, ಇಂಕ್ ಪಿಗ್ಮೆಂಟ್. ಅಗಲ 12 ಇಂಚು, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕಕ್ಕೆ ಅಡ್ಡಕ್ಕೆ 3600 ಪಿಕ್ಸೆಲ್ ಬೇಕು, ಅಷ್ಟು ಇಲ್ಲದಿದ್ರೆ ಪ್ರಿಂಟ್ ಚಿಕ್ಕದು ಮಾಡಿ, ಫೈಲ್ ಎಳೀಬೇಡಿ. ಪೂರ್ತಿ ಹಾಕುವ ಮೊದಲು ಕಪ್ಪೆಯ ಹಿಂಗಾಲಿನ ಭಾಗ ಮಾತ್ರ ಎರಡು ಇಂಚು ಪಟ್ಟಿಯಲ್ಲಿ ಮೂರು ನಮೂನೆ ತೆಗೆಸಿದೆ, ಡಾರ್ಕ್‌ರೂಮಲ್ಲಿ ಟೆಸ್ಟ್ ಸ್ಟ್ರಿಪ್ ಮಾಡಿದ ಹಾಗೆ, ತೊಡೆ ಕಾಣುವ ಪಟ್ಟಿ ಆರಿಸಿದೆ.

ಕಟ್ಟು ಹಾಕಿಸುವಾಗ ಜಾಗ್ರತೆ. ನಮ್ಮದು ಕರಾವಳಿ, ಮಳೆಗಾಲದಲ್ಲಿ ಗಾಜಿಗೆ ಅಂಟಿದ ಕಾಗದಕ್ಕೆ ಬೂಸ್ಟು ಬಂದೇ ಬರ್ತದೆ. ನಡುವೆ ಆಸಿಡ್ ಇಲ್ಲದ ದಪ್ಪ ಮೌಂಟ್ ಬೋರ್ಡ್ ಕೊಡಿಸಿ ಗಾಜು ಮುಟ್ಟದ ಹಾಗೆ ಮಾಡಿಸಿದೆ, ಹಿಂದೆ ಟೇಪ್ ಹಾಕಿ ಮುಚ್ಚಿಸಿದೆ, ನಾಲ್ಕು ಮೂಲೆಗೂ ಬಿರಡೆ ತುಂಡು ಅಂಟಿಸಿದೆ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡ್ಲಿ ಅಂತ. ಬಿಸಿಲು ಬೀಳುವ ಗೋಡೆ ಬೇಡ.

ಕಪ್ಪೆ, ಗೋಸುಂಬೆ, ಮೀನು, ಹಾವು ಅಂತ ನಾಲ್ಕು ಪ್ರಿಂಟ್ ತಂದದ್ದು. ಹಾವು ನೋಡಿದ್ದೇ ಅಮ್ಮ, "ಇದು ಮನೆ ಒಳಗೆ ಬೇಡ ಮಗಾ" ಅಂದ್ರು. ಅದು ಯುರೋಪಿನ ವಿಷ ಇಲ್ಲದ ಹಾವು, ಅಲ್ಲಿ ವೈದ್ಯ ದೇವರ ಹೆಸರಿಂದ ಎಸ್ಕುಲೇಪಿಯನ್ ಹಾವು ಅಂತ ಕರೀತಾರೆ ಅಂತೆಲ್ಲ ಹೇಳಿದೆ. ಆದ್ರೆ ನಾಗನಿಗೆ ತನು ಹಾಕುವ (ಹಾಲೆರೆಯುವ) ಮನೆ ನಮ್ಮದು, ಸತ್ತ ನಾಗರ ಕಂಡ್ರೆ ಸಂಸ್ಕಾರ ಮಾಡಿಸುವ ಊರು. ಹಾವಿನ ಎಲುಬು ನೇತುಹಾಕಿ ಅದರ ಎದುರು ಊಟ ಮಾಡಿ ಅಂತ ಅಮ್ಮನಿಗೆ ಹೇಳುದು ಸರಿಯಲ್ಲ ಅಂತ ನಂಗೂ ಅನಿಸ್ತು. ಅದನ್ನು ಬಟರ್ ಪೇಪರ್ ನಡುವೆ ಚಪ್ಪಟೆ ಇಟ್ಟಿದ್ದೇನೆ.

ಮೀನಿನ ಚಿತ್ರದ ಎದುರು ಮಾತ್ರ ಅಮ್ಮ ತುಂಬ ಹೊತ್ತು ನಿಂತ್ರು. ಎರಡು ಗೋಲ್ಡ್‌ಫಿಶ್, ಒಂದು ಸಮುದ್ರದ ಮೀನು. ಜೀವಮಾನವಿಡೀ ಮೀನು ಕೊಯ್ದ ಕೈ ಅವರದ್ದು, ಗೋಲ್ಡ್‌ಫಿಶ್ ಹೊಟ್ಟೆ ಹತ್ರ ಬೆರಳು ಇಟ್ಟು "ಇದು ಗಾಳಿ ಚೀಲ ಅಲ್ವಾ, ನಡುವಲ್ಲಿ ಕಟ್ಟಿದ ಹಾಗೆ ಎರಡು ಉಂಟು ನೋಡು" ಅಂದ್ರು. ಹೌದು, ಆ ಜಾತಿಗೆ ಎರಡೇ ಕೋಣೆ. ಮೀನಿನ ಮೊದಲ ಗ್ಲಾಸಿ ಪ್ರಿಂಟ್ ತೆಗೆದು ನೋಡಿದೆ, ಅದರಲ್ಲಿ ಮುಳ್ಳು ಮಾತ್ರ ಇತ್ತು.