ಕೆಲಸದ ಮಧ್ಯೆ ತಲೆ ಓಡದೆ ನಿಂತರೆ ಏನು ಮಾಡಬೇಕು

ಫೈಲ್ ತೆರೆದಿದೆ, ಸಂಜೆಯೊಳಗೆ ಕೊಡಬೇಕು, ತಲೆ ಮಾತ್ರ ಓಡುತ್ತಿಲ್ಲ. ಒಂದು ಸಾಲು ಬರೆದು ಅಳಿಸುತ್ತೀರಿ, ಮೇಲ್ ನೋಡುತ್ತೀರಿ, ವಾಟ್ಸಾಪ್ ನೋಡುತ್ತೀರಿ, ಮತ್ತೆ ಬಂದು ಅದೇ ಸಾಲನ್ನು ಬರೆಯುತ್ತೀರಿ. ಇಂಥ ಹೊತ್ತಲ್ಲಿ ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ದಯವಿಟ್ಟು ಅದನ್ನು ಬಿಡಿ. ತಲೆ ನಿಲ್ಲುವುದಕ್ಕೆ ಏನೋ ಒಂದು ಕಾರಣ ಇರುತ್ತದೆ, ಮತ್ತು ಅದು ಬಹಳ ಸಲ ಸೋಮಾರಿತನ ಆಗಿರುವುದಿಲ್ಲ. ಮುಂದೆ ಏನು ಮಾಡಬೇಕು ಅನ್ನೋದೇ ಸ್ಪಷ್ಟ ಇರುವುದಿಲ್ಲ, ಅಷ್ಟೇ.

ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಕಂಪ್ಯೂಟರ್‌ನಲ್ಲಿ ಬೇಡ, ಅಲ್ಲಿ ಬೇರೆ ಟ್ಯಾಬ್‌ಗಳು ಕರೆಯುತ್ತಿರುತ್ತವೆ. ಹಾಳೆಯ ಮೇಲೆ ಒಂದೇ ಪ್ರಶ್ನೆ ಬರೆಯಿರಿ: ಈ ಕೆಲಸ ಮುಗಿಸಲು ನನ್ನ ಹತ್ತಿರ ಏನು ಇಲ್ಲ? ಮೂರು ತಿಂಗಳ ಖರ್ಚಿನ ವರದಿ ಮಾಡಬೇಕು ಅಂದುಕೊಳ್ಳಿ. “ವರದಿ ಮುಗಿಸು” ಅಂತ ಬರೆದುಕೊಂಡರೆ ಕೈ ಏಳುವುದಿಲ್ಲ, ಯಾಕಂದರೆ ಅದರೊಳಗೆ ಹತ್ತಾರು ಸಣ್ಣ ಕೆಲಸಗಳಿವೆ. ಪ್ರಶ್ನೆ ಕೇಳಿಕೊಂಡಾಗ ಗೊತ್ತಾಗುತ್ತದೆ, ಮೇ ತಿಂಗಳ ಕ್ಯಾಬ್ ಬಿಲ್ ಬಂದೇ ಇಲ್ಲ, ಟ್ರೈನಿಂಗ್ ಖರ್ಚನ್ನು ಯಾವ ಹೆಡ್‌ಗೆ ಹಾಕಬೇಕು ಅಂತ ಯಾರೂ ಹೇಳಿಲ್ಲ. ಈಗ ಮಾಡಬೇಕಾದ್ದು ಕಣ್ಣೆದುರಿಗಿದೆ. ಅಡ್ಮಿನ್‌ನವರಿಗೆ ಫೋನ್ ಮಾಡಿ ಬಿಲ್ ಕೇಳಿ, ಮ್ಯಾನೇಜರ್‌ಗೆ ಒಂದು ಸಾಲಿನ ಮೆಸೇಜ್ ಹಾಕಿ, ಉತ್ತರ ಬರುವ ತನಕ ಏಪ್ರಿಲ್ ಶೀಟ್ ತೆಗೆದು ಖಾಲಿ ಇರುವ ಸಾಲುಗಳಿಗೆ ಹಳದಿ ಬಣ್ಣ ಹಾಕುತ್ತಾ ಹೋಗಿ. ತಲೆ ಖರ್ಚು ಮಾಡದೆ ಐದು ನಿಮಿಷದಲ್ಲಿ ಶುರು ಮಾಡಬಹುದಾದಷ್ಟು ಸಣ್ಣದಾಗಿರಬೇಕು ಮೊದಲ ಕೆಲಸ.

ಹಾಳೆ ಯಾಕೆ ಅಂದರೆ, ನಾವು ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಸಂಗತಿಗಳು ತುಂಬಾ ಕಡಿಮೆ. ಏಳರ ಆಸುಪಾಸು ಎಂದು 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದಿದ್ದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಬಿಲ್, ಹೆಡ್, ಮ್ಯಾನೇಜರ್, ಸಂಜೆ ಮಗುವನ್ನು ಕರೆತರುವುದು, ಇಷ್ಟಕ್ಕೇ ಜಾಗ ತುಂಬಿತು. ವರದಿ ಬಗ್ಗೆ ಯೋಚಿಸಲು ಜಾಗವೇ ಉಳಿಯಲಿಲ್ಲ, ಅಲ್ವಾ? ಆದ್ದರಿಂದ ಮನೆ ವಿಷಯವನ್ನೂ ಅದೇ ಹಾಳೆಯ ಮೂಲೆಯಲ್ಲಿ ಬರೆದುಬಿಡಿ.

ಇನ್ನೊಂದು ಕಾರಣವನ್ನು ನಮ್ಮ ಆಫೀಸುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಇಂಗ್ಲಿಷ್. ಮನೆಯಲ್ಲಿ ಕನ್ನಡ ಮಾತಾಡಿ, ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಒಂದು ಕಷ್ಟದ ಮೇಲ್ ಬರೆಯಲು ಕೂತರೆ ಎರಡು ಕೆಲಸ ಒಟ್ಟಿಗೆ ಮಾಡುತ್ತಿರುತ್ತಾರೆ: ಏನು ಹೇಳಬೇಕು ಅಂತ ಯೋಚಿಸುವುದು, ಅದನ್ನು ತಪ್ಪಿಲ್ಲದ ಇಂಗ್ಲಿಷ್‌ನಲ್ಲಿ ಹೇಳುವುದು. ಎರಡೂ ಒಟ್ಟಿಗೆ ಬಂದಾಗ ತಲೆ ನಿಲ್ಲದೆ ಏನು ಮಾಡುತ್ತದೆ? ಎರಡನ್ನೂ ಬೇರೆ ಮಾಡಿ. ಮೊದಲು ಕನ್ನಡದಲ್ಲಿ ಬರೆಯಿರಿ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ: “ಶನಿವಾರ ರಾತ್ರಿ ಸರ್ವರ್ ಬದಲಾಯಿಸ್ತೀವಿ, ಎರಡು ಗಂಟೆ ಸೈಟ್ ಇರಲ್ಲ, ಕಸ್ಟಮರ್‌ಗೆ ಗುರುವಾರವೇ ಹೇಳ್ಬೇಕು, ಯಾರು ಹೇಳ್ತೀರಿ?” ನೋಡಿ, ಮೇಲ್‌ನಲ್ಲಿ ಇರಬೇಕಾದ್ದೆಲ್ಲ ಇಲ್ಲೇ ಇದೆ, ಕೊನೆಗೆ ಕೇಳಬೇಕಾದ ಪ್ರಶ್ನೆ ಕೂಡ. ಇಂಗ್ಲಿಷ್ ಮಾಡುವುದು ಈಗ ಬರೀ ಐದು ನಿಮಿಷದ ಕೆಲಸ. ಟೈಪ್ ಮಾಡಲು ಬೇಜಾರಾದರೆ ಫೋನ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಹಾಕಿಕೊಂಡು ಸುಮ್ನೆ ಮಾತಾಡಿ. ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಯಾರಿಗಾದರೂ ವಿವರಿಸಿ ಹೇಳುವುದರಿಂದಲೂ ಗಂಟು ಬಿಡಿಸಿಕೊಳ್ಳುತ್ತದೆ. ಸಾಫ್ಟ್‌ವೇರ್‌ನವರಲ್ಲಿ ಒಂದು ಹಳೆಯ ರೂಢಿ ಇದೆ, ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ತಮ್ಮ ಕೋಡನ್ನು ಸಾಲುಸಾಲಾಗಿ ವಿವರಿಸುವುದು. ಹೇಳುತ್ತಾ ಹೇಳುತ್ತಾ ತಪ್ಪು ತಾನಾಗಿಯೇ ಸಿಗುತ್ತದೆ.

ಮೀಟಿಂಗ್ ಮುಗಿಸಿ ಬಂದ ತಕ್ಷಣ ತಲೆ ಓಡುವುದಿಲ್ಲವಾ? ದೇಹ ಕುರ್ಚಿಗೆ ಬಂದಿರುತ್ತದೆ, ಮನಸ್ಸು ಇನ್ನೂ ಆ ಮೀಟಿಂಗ್‌ನಲ್ಲೇ ಇರುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದರೂ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಮುಗಿಯದ ಕೆಲಸವಾದರೆ ಜಾಸ್ತಿ ಕಾಡುತ್ತದೆ. ಇದಕ್ಕೆ ಮದ್ದು ಸುಲಭ: ಎದ್ದು ಹೋಗುವ ಮೊದಲು ಎಲ್ಲಿ ನಿಲ್ಲಿಸಿದಿರಿ, ಬಂದ ಮೇಲೆ ಮೊದಲು ಏನು ಮಾಡಬೇಕು ಎಂದು ಎರಡು ಸಾಲು ಬರೆದಿಡಿ. ಯಾರಾದರೂ “ಒಂದ್ನಿಮಿಷ ಬನ್ನಿ” ಅಂತ ಕರೆದರೂ ಅಷ್ಟೇ, ಎರಡು ಸಾಲು ಬರೆದೇ ಏಳಿ.

ಮಧ್ಯಾಹ್ನದ ಮಂಪರು ಬೇರೆ ಲೆಕ್ಕ. ಅನ್ನ ಸಾರು ಉಂಡಿದ್ದಕ್ಕೇ ಹೀಗೆ ಅಂದುಕೊಳ್ಳುತ್ತೇವೆ. ಹೊಟ್ಟೆ ತುಂಬಾ ಉಂಡರೆ ಜಾಸ್ತಿ ಆಗುವುದು ನಿಜ, ಆದರೆ ಆ ಹೊತ್ತಿಗೆ ಎಚ್ಚರ ಸ್ವಲ್ಪ ತಗ್ಗುವುದು ದೇಹದ ಗಡಿಯಾರದಲ್ಲೇ ಇದೆ, ಊಟ ಬಿಟ್ಟರೂ ಬರುತ್ತದೆ. ಅದರ ಜೊತೆ ಗುದ್ದಾಡಬೇಡಿ. ಬಿಲ್ ಅಪ್‌ಲೋಡ್, ಟೈಮ್‌ಶೀಟ್, ಫೋನ್ ಕರೆಗಳನ್ನು ಆ ಹೊತ್ತಿಗೆ ಇಟ್ಟುಕೊಂಡು ಯೋಚಿಸುವ ಕೆಲಸವನ್ನು ಬೆಳಗ್ಗೆ ಮಾಡಿ. ಮನೆಯಿಂದ ಕೆಲಸ ಮಾಡುವವರು ಅಲಾರಂ ಇಟ್ಟು ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಬಹುದು. ಅದಕ್ಕಿಂತ ಹೆಚ್ಚು ಮಲಗಿದರೆ ಎದ್ದಮೇಲೆ ಇನ್ನೂ ಮಂಕು. ಸಂಜೆ ಐದರ ಸ್ಟ್ರಾಂಗ್ ಕಾಫಿ ಬಗ್ಗೆಯೂ ಸ್ವಲ್ಪ ಯೋಚಿಸಿ: ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯಷ್ಟು ಬೇಕು, ಅಂದರೆ ರಾತ್ರಿ ಹತ್ತಕ್ಕೂ ಅರ್ಧ ಲೋಟದ ಕಾಫಿ ಒಳಗೆ ಎಚ್ಚರವಾಗಿರುತ್ತದೆ, ನಾಳೆ ತಲೆ ಓಡದಿರುವುದಕ್ಕೆ ಇವತ್ತೇ ದಾರಿ ಆಗುತ್ತದೆ.

ಎದ್ದು ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಯಾವುದಕ್ಕೆ ನಡೆಯಬೇಕು ಅನ್ನೋದು ಮುಖ್ಯ. ಸ್ಟ್ಯಾನ್‌ಫರ್ಡ್‌ನಲ್ಲಿ ಒಪೆಜ್ಜೊ ಮತ್ತು ಶ್ವಾರ್ಟ್ಜ್ ಎಂಬ ಸಂಶೋಧಕರು ಮಾಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನಡೆಯುವಾಗ ಜನರಿಗೆ ಹೊಸ ಐಡಿಯಾಗಳು ಜಾಸ್ತಿ ಹೊಳೆದವು, ಖಾಲಿ ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದರೂ. ಆದರೆ ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಲ್ಲಿ ನಡಿಗೆಯಿಂದ ಲಾಭ ಆಗಲಿಲ್ಲ. ಹಾಗಾಗಿ ಪ್ರೆಸೆಂಟೇಷನ್ ಹೇಗೆ ಶುರು ಮಾಡುವುದು ಅಂತ ಹೊಳೆಯದಿದ್ದರೆ ಕಾರಿಡಾರ್‌ನಲ್ಲಿ ನಾಲ್ಕು ಸುತ್ತು ಹಾಕಿ, ಮೊತ್ತ ತಾಳೆ ಆಗದಿದ್ದರೆ ಕೂತೇ ನೋಡಿ. ನಡೆಯುವಾಗ ಫೋನ್ ನೋಡಬೇಡಿ, ಅದು ನಡಿಗೆಯೇ ಅಲ್ಲ.

ಫೋನ್ ಮಾತು ಬಂತಲ್ಲ, ಅದನ್ನು ಮೇಜಿನ ಮೇಲೆ ಬೋರಲಾಗಿ ಇಡುವುದು ಸಾಲದು, ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. ಟೀಮ್‌ಗೆ ಮೊದಲೇ ಹೇಳಿ: “ಹನ್ನೊಂದರಿಂದ ಹನ್ನೆರಡು ಮೆಸೇಜ್ ನೋಡಲ್ಲ, ಅರ್ಜೆಂಟ್ ಇದ್ರೆ ಹತ್ತಿರ ಬಂದು ಕರೀರಿ.” ಟೈಮರ್ ಬೇಕಿದ್ದವರಿಗೆ ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ ಪೊಮೊಡೊರೊ ಇದೆ, 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಶುರುಮಾಡಲು ಇದು ಒಳ್ಳೆಯದು. ಒಮ್ಮೆ ಕೆಲಸ ಕೈಗೆ ಹತ್ತಿದ ಮೇಲೆ ಬೆಲ್ ಆದರೂ ಏಳಬೇಡಿ, ಮುಂದುವರಿಸಿ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ಹೀಗೇ ಇದ್ದು, ಜೊತೆಗೆ ನಿದ್ದೆ ಬಾರದೆ, ಊಟ ಸೇರದೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸುತ್ತಿದ್ದರೆ, ಅದಕ್ಕೆ ಹಾಳೆ ಪೆನ್ನು ಸಾಲದು, ಡಾಕ್ಟರ್ ಹತ್ತಿರ ಹೋಗಬೇಕು. ಎಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.