ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಹೆಚ್ಚು ಜೋಪಾನ

ಊರಿಂದ ಹೊಸದಾಗಿ ಚಿಕಾಗೊ, ಡೆಟ್ರಾಯಿಟ್, ಮಿನಿಯಾಪೊಲಿಸ್, ಟೊರಾಂಟೊ ಕಡೆ ಬಂದು ನೆಲೆಸಿದವರಿಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಎಂದು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಚಳಿಯೇನೋ ಕೊರೆಯುತ್ತದೆ, ನಿಜ. ಆದರೆ ಕಾರು ಓಡಿಸುವವರು ಇನ್ನೂ ಹೆಚ್ಚು ಜೋಪಾನವಾಗಿರಬೇಕಾದ್ದು ಸೊನ್ನೆಗೆ ಎರಡು ಮೂರು ಡಿಗ್ರಿ ಅತ್ತಿತ್ತ ಇರುವ ದಿನಗಳಲ್ಲಿ, ಅಂದರೆ ಅಮೆರಿಕದ ಕಾರಿನ ಮೀಟರು 28ರಿಂದ 37 ಫ್ಯಾರನ್‌ಹೀಟ್ ತೋರಿಸುವಾಗ. ತೀರಾ ಚಳಿಯಲ್ಲಿ ಸ್ನೋ ಒಣ ರಾಗಿಹಿಟ್ಟಿನ ಹಾಗೆ ಇರುತ್ತದೆ, ಟೈರಿನ ಕೆಳಗೆ ಕಿರ್ರೆನ್ನುತ್ತದೆ, ಚಕ್ರಕ್ಕೆ ಒಂದಿಷ್ಟು ಹಿಡಿತ ಸಿಗುತ್ತದೆ. ಸೊನ್ನೆಯ ಹತ್ತಿರ ಹಾಗಲ್ಲ. ಮಂಜುಗಡ್ಡೆಯ ಮೇಲೆ ತೆಳ್ಳನೆಯ ನೀರಿನ ಪೊರೆ ನಿಂತು, ರಸ್ತೆ ಸಾಬೂನು ಚೆಲ್ಲಿದ ಬಚ್ಚಲುಕಲ್ಲಿನಂತಾಗುತ್ತದೆ. ಮಧ್ಯಾಹ್ನ ಕರಗಿದ್ದು ಸಂಜೆ ಮತ್ತೆ ಹೆಪ್ಪುಗಟ್ಟುತ್ತದೆ. ಇದನ್ನೇ ಬ್ಲ್ಯಾಕ್ ಐಸ್ ಅನ್ನುವುದು. ಹೆಸರಿಗೆ ಕಪ್ಪು, ಆದರೆ ಅದು ಗಾಜಿನಷ್ಟು ಪಾರದರ್ಶಕ. ಕೆಳಗಿನ ಡಾಂಬರು ಕಾಣುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಅನ್ನಿಸುತ್ತದೆ.

ಕಾರಿನ ಮೀಟರು ಹೇಳುವುದು ಗಾಳಿಯ ಉಷ್ಣತೆ, ರಸ್ತೆಯದ್ದಲ್ಲ. ಆಕಾಶ ಶುಭ್ರವಾಗಿರುವ ರಾತ್ರಿ ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿಬಿಡುವುದರಿಂದ, ಮೀಟರು 36 ತೋರಿಸುತ್ತಿದ್ದರೂ ಡಾಂಬರು ಹೆಪ್ಪುಗಟ್ಟಿರಬಹುದು. ಸೇತುವೆ, ಫ್ಲೈಓವರ್‌ಗಳ ಅಡಿಯಿಂದಲೂ ಗಾಳಿ ಬೀಸುತ್ತದೆ, ಕೆಳಗೆ ಬೆಚ್ಚಗಿಡಲು ನೆಲವಿಲ್ಲ. ಹಾಗಾಗಿ ಮೊದಲು ಹೆಪ್ಪುಗಟ್ಟುವುದು ಅವೇ. ಬಿಸಿಲೇ ಬೀಳದ ಮರದ ನೆರಳು, ಹೆದ್ದಾರಿಯಿಂದ ಇಳಿಯುವ ತಿರುವು, ಎಲ್ಲರೂ ಬ್ರೇಕ್ ಒತ್ತಿ ಒತ್ತಿ ನುಣುಪಾದ ಸಿಗ್ನಲ್ಲಿನ ಮುಂಭಾಗ, ಇವೂ ಅಷ್ಟೇ. ಗುರುತು ಹಿಡಿಯಲು ಒಂದು ಉಪಾಯವಿದೆ. ಮುಂದಿನ ಕಾರಿನ ಚಕ್ರ ನೋಡಿ. ರಸ್ತೆ ಒದ್ದೆಯಂತೆ ಹೊಳೆಯುತ್ತಿದೆ, ಆದರೆ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಎಂದರೆ ಅದು ನೀರಲ್ಲ, ಮಂಜುಗಡ್ಡೆ. ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗಿ ಸ್ಟೀರಿಂಗ್ ಹಗುರವಾದರೆ, ನೀವು ಆಗಲೇ ಅದರ ಮೇಲಿದ್ದೀರಿ.

ಹೋಗಬೇಕೋ ಬೇಡವೋ ಎಂಬುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿ. ಹವಾಮಾನ ಇಲಾಖೆಯ ಎಚ್ಚರಿಕೆಯಲ್ಲಿ ‘ವಾಚ್’ ಎಂದಿದ್ದರೆ ಬಿರುಗಾಳಿ ಬರಬಹುದು ಎಂದರ್ಥ, ‘ವಾರ್ನಿಂಗ್’ ಎಂದಿದ್ದರೆ ಬಂದೇಬಿಟ್ಟಿತು ಅಥವಾ ಬರುವುದು ಹೆಚ್ಚುಕಡಿಮೆ ಖಚಿತ. ‘ಫ್ರೀಜಿಂಗ್ ರೇನ್’ ಎಂಬ ಮಾತು ಕಂಡರೆ ಕಾರು ತೆಗೆಯಲೇಬೇಡಿ. ಅರ್ಧ ಅಡಿ ಸ್ನೋ ಬಿದ್ದರೂ ನಿಧಾನವಾಗಿ ಹೋಗಬಹುದು. ಬಿದ್ದ ಕಡೆಯೇ ಗಾಜಾಗುವ ಆ ಮಳೆಯಲ್ಲಿ ಯಾವ ಟೈರೂ, ಯಾವ ಅನುಭವವೂ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 511ಕ್ಕೆ ಫೋನ್ ಮಾಡಿದರೆ ರಸ್ತೆಯ ಸ್ಥಿತಿ ಗೊತ್ತಾಗುತ್ತದೆ. ಬೀದಿಯಲ್ಲಿ ಕಾರು ನಿಲ್ಲಿಸುವವರು ಊರಿನ ನಿಯಮವನ್ನೂ ತಿಳಿದಿರಬೇಕು. ಚಿಕಾಗೊದಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7 ಗಂಟೆವರೆಗೆ ನಿಲ್ಲಿಸುವಂತೆಯೇ ಇಲ್ಲ, ಸ್ನೋ ಬೀಳದಿದ್ದರೂ ಎಳೆದುಕೊಂಡು ಹೋಗುತ್ತಾರೆ.

ಇನ್ನು ಟೈರು. ಎಲ್ಲಕ್ಕಿಂತ ಹೆಚ್ಚು ದುಡ್ಡು ಹಾಕಬೇಕಾದ್ದು ಇಲ್ಲಿಯೇ. ಕಾರಿನ ಜೊತೆ ಬರುವ ‘ಆಲ್ ಸೀಸನ್’ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರು ಆಗಲೂ ಮೆತ್ತಗಿದ್ದು ನೆಲ ಹಿಡಿಯುತ್ತದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಟೈರಿನ ಪಕ್ಕೆಯಲ್ಲಿದೆಯೇ ನೋಡಿಕೊಳ್ಳಿ. ಕೆನಡಾದ ಕ್ಯುಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿನ ಕಾರುಗಳಿಗೆ ಇವು ಕಡ್ಡಾಯ. ಹಾಕಿಸುವುದಾದರೆ ನಾಲ್ಕೂ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ಉಳಿಸಿದೆವು ಎಂದುಕೊಂಡರೆ, ತಿರುವಿನಲ್ಲಿ ಮುಂಭಾಗ ಹಿಡಿದು ಹಿಂಭಾಗ ಜಾರಿ ಕಾರು ಬುಗುರಿಯ ಹಾಗೆ ತಿರುಗುತ್ತದೆ. ಹಳೆಯ ಟೈರಾದರೆ 25 ಸೆಂಟಿನ ನಾಣ್ಯವನ್ನು ವಾಷಿಂಗ್ಟನ್ ತಲೆ ಕೆಳಗಾಗುವಂತೆ ಗೀರಿನೊಳಗೆ ಇಳಿಸಿ. ತಲೆಯ ತುದಿ ಪೂರ್ತಿ ಹೊರಗೇ ಕಂಡರೆ ಗೀರಿನ ಆಳ 3 ಮಿಲಿಮೀಟರಿನಷ್ಟೂ ಉಳಿದಿಲ್ಲ, ಸ್ನೋಗೆ ಅದು ಸಾಲದು. ಉಷ್ಣತೆ 10 ಫ್ಯಾರನ್‌ಹೀಟ್ ಇಳಿದಾಗಲೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ಬೆಳಿಗ್ಗೆ, ಕಾರು ಓಡಿಸುವ ಮುಂಚೆ ಅಳೆಯಿರಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಹಿಡಿತ ಬರಲೆಂದು ಗಾಳಿ ಇಳಿಸುವವರಿದ್ದಾರೆ, ಅದು ತಪ್ಪು. ಆಲ್ ವೀಲ್ ಡ್ರೈವ್ ಕಾರಿದೆ ಎಂದೂ ಧೈರ್ಯ ಬೇಡ. ನಾಲ್ಕೂ ಚಕ್ರ ತಿರುಗಿದರೆ ಹೊರಡುವುದು ಸುಲಭ, ನಿಲ್ಲಿಸುವುದಕ್ಕೆ ಅದರಿಂದ ಏನೂ ಸಹಾಯವಿಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇರುವುದೇ ತಾನೆ?

ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಅಕ್ಟೋಬರಿನಲ್ಲೇ ಪರೀಕ್ಷೆ ಮಾಡಿಸಿ, ಬಿಡಿಭಾಗದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಪುಕ್ಕಟೆ ನೋಡಿಕೊಡುತ್ತಾರೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎಂಜಿನ್ ಆಯಿಲ್ ಮಂದವಾಗಿರುವುದರಿಂದ ಅದೇ ಹೊತ್ತಿಗೆ ಹೆಚ್ಚು ಶಕ್ತಿಯೂ ಬೇಕು. ಗಾಜು ತೊಳೆಯುವ ದ್ರವ ಬೇಸಿಗೆಯದ್ದಾದರೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಡಬ್ಬಿಯ ಮೇಲೆ ಮೈನಸ್ 20 ಫ್ಯಾರನ್‌ಹೀಟ್ ಎಂದಿರುವುದನ್ನು ತಂದು, ಹಳೆಯದನ್ನು ಪೂರ್ತಿ ಖರ್ಚು ಮಾಡಿ ತುಂಬಿಸಿ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯದಿರಲಿ. ಎಲೆಕ್ಟ್ರಿಕ್ ಕಾರಿನವರು ಪ್ಲಗ್ಗಿನಲ್ಲಿ ಇರುವಾಗಲೇ ಒಳಗನ್ನು ಬೆಚ್ಚಗೆ ಮಾಡಿಕೊಂಡು ಹೊರಡಿ. ಕಡು ಚಳಿಯಲ್ಲಿ ಒಂದು ಚಾರ್ಜಿನ ದೂರ ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾಗಬಹುದು, ಆ ಲೆಕ್ಕ ಇಟ್ಟುಕೊಳ್ಳಿ.

ಬೆಳಿಗ್ಗೆ ಹೊರಡುವ ಮುನ್ನ ಹದಿನೈದು ನಿಮಿಷ ಎತ್ತಿಡಿ. ಗಾಜಿನ ಮೇಲೆ ಕೂತ ಮಂಜಿಗೆ ಬಿಸಿನೀರು ಸುರಿಯಬೇಡಿ, ಗಾಜು ಟಪ್ಪನೆ ಬಿರುಕು ಬಿಡುತ್ತದೆ. 70 ಶೇಕಡಾದ ರಬ್ಬಿಂಗ್ ಆಲ್ಕೋಹಾಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಮನೆಯೊಳಗೆ ಇಟ್ಟುಕೊಳ್ಳಿ. ಸಿಂಪಡಿಸಿ ಒಂದೆರಡು ನಿಮಿಷ ಬಿಟ್ಟರೆ ಮಂಜು ಸಡಿಲವಾಗಿ ಸುಲಭವಾಗಿ ಕೆರೆದು ಬರುತ್ತದೆ. ವೈಪರ್ ಅಂಟಿಕೊಂಡಿದ್ದರೆ ಬಿಡಿಸದೆ ಚಾಲೂ ಮಾಡಬೇಡಿ, ಅದರ ಮೋಟಾರು ಸುಟ್ಟುಹೋಗುತ್ತದೆ. ಕಾರಿನ ನೆತ್ತಿಯ ಮೇಲಿನ ಸ್ನೋವನ್ನೂ ಪೂರ್ತಿ ತೆಗೆಯಿರಿ. ಬ್ರೇಕ್ ಹಾಕಿದಾಗ ಅದು ಜಾರಿ ನಿಮ್ಮದೇ ಗಾಜು ಮುಚ್ಚುತ್ತದೆ, ವೇಗದಲ್ಲಿ ಹಪ್ಪಳದಂತೆ ಎದ್ದು ಹಿಂದಿನವರ ಗಾಜಿಗೆ ಬಡಿಯುತ್ತದೆ. ನ್ಯೂಜೆರ್ಸಿಯಲ್ಲಿ ತೆಗೆಯದೆ ಹೊರಟರೆ 25ರಿಂದ 75 ಡಾಲರ್ ದಂಡ. ಒಳಗಿನ ಗಾಜಿಗೆ ಉಗಿ ಕಟ್ಟಿದರೆ ಡಿಫ್ರಾಸ್ಟ್ ಜೊತೆ ಏಸಿಯನ್ನೂ ಹಾಕಿ, ಹೊರಗಿನ ಗಾಳಿ ಬರುವಂತೆ ಬದಲಿಸಿ. ಚಳಿಯಲ್ಲಿ ಏಸಿ ಏಕೆ ಎನ್ನಬೇಡಿ, ಗಾಳಿಯ ಪಸೆ ಹೀರುವುದು ಅದೇ. ಇನ್ನು ಗರಾಜಿನೊಳಗೆ ಕಾರು ಚಾಲೂ ಮಾಡಿಟ್ಟು ಬಿಸಿಯಾಗಲು ಬಿಡುವುದು ಬಾಗಿಲು ತೆರೆದಿದ್ದರೂ ಬೇಡ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮನೆಯೊಳಗೆ ಸೇರಿದರೆ ಮಲಗಿದವರು ಏಳುವುದಿಲ್ಲ.

ರಸ್ತೆಯಲ್ಲಿ ನೆನಪಿಡಬೇಕಾದ್ದು, ಟೈರಿಗೆ ಒಂದು ಸಲಕ್ಕೆ ಒಂದೇ ಕೆಲಸ ಕೊಡಿ ಎಂಬುದು. ತಿರುವಿನ ಮುಂಚೆಯೇ, ನೇರ ರಸ್ತೆಯಲ್ಲೇ ವೇಗ ಇಳಿಸಿ, ಆಮೇಲೆ ತಿರುಗಿಸಿ, ದಾಟಿದ ಮೇಲೆ ಮೆಲ್ಲಗೆ ವೇಗ ಏರಿಸಿ. ಬ್ರೇಕೂ ತಿರುವೂ ಒಟ್ಟಿಗೆ ಬಂದಾಗಲೇ ಕಾರು ಜಾರುವುದು. ಮುಂದಿನ ಕಾರು ದಾಟಿದ ಕಂಬವನ್ನು ನೀವು ತಲುಪುವ ಹೊತ್ತಿಗೆ ಕನಿಷ್ಠ ಆರು ಸೆಕೆಂಡ್ ಆಗಿರಬೇಕು, ಮಂಜುಗಡ್ಡೆಯಿದ್ದರೆ ಎಂಟು ಹತ್ತು. ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರಿನಲ್ಲಿ ತುರ್ತಾಗಿ ನಿಲ್ಲಿಸಬೇಕಾದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳಿ. ಪೆಡಲು ಕಾಲಿಗೆ ದಡದಡ ಬಡಿಯುತ್ತದೆ, ಅದು ಕೆಲಸ ಮಾಡುತ್ತಿರುವ ಲಕ್ಷಣ. ಹೆದರಿ ಕಾಲು ತೆಗೆಯಬೇಡಿ, ಹಳೆಯ ಕಾಲದಂತೆ ಒತ್ತಿ ಬಿಟ್ಟು ಮಾಡಲೂಬೇಡಿ. ಕಾರು ಜಾರಲು ಶುರುವಾದರೆ ಎಕ್ಸಿಲರೇಟರಿನಿಂದ ಕಾಲು ತೆಗೆದು, ಕಣ್ಣನ್ನು ಹೋಗಬೇಕಾದ ಕಡೆ ನೆಟ್ಟು, ಸ್ಟೀರಿಂಗನ್ನು ಅತ್ತ ಮೆಲ್ಲಗೆ ತಿರುಗಿಸಿ. ಎದುರಿನ ಕಂಬವನ್ನೇ ನೋಡುತ್ತಿದ್ದರೆ ಕೈಯೂ ಅತ್ತಲೇ ಎಳೆಯುತ್ತದೆ. ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ, ಅನುಮತಿ ಇದ್ದರೆ, ಮೊದಲ ಸ್ನೋ ಬಿದ್ದ ದಿನ ಗಂಟೆಗೆ 15 ಮೈಲಿಯಲ್ಲಿ ಬ್ರೇಕ್ ಒತ್ತಿ ನೋಡಿ. ಹೇಳಿ ತಿಳಿಸಲಾಗದ್ದು ಕಾಲಿಗೆ ಗೊತ್ತಾಗುತ್ತದೆ. ಸ್ನೋ ತಳ್ಳುವ ದೊಡ್ಡ ಲಾರಿಯನ್ನು ಮಾತ್ರ ಎಂದೂ ಹಿಂದಿಕ್ಕಬೇಡಿ, ತೊಳೆದಿಟ್ಟಂಥ ರಸ್ತೆ ಇರುವುದು ಅದರ ಹಿಂದೆಯೇ.

ಚಕ್ರ ಹೂತರೆ ಎಕ್ಸಿಲರೇಟರ್ ಒತ್ತಿ ತಿರುಗಿಸುತ್ತಾ ಕೂರಬಾರದು. ಅದರ ಬಿಸಿಗೆ ಸ್ನೋ ಕರಗಿ ಗಾಜಾಗಿ ಇನ್ನೂ ಆಳಕ್ಕೆ ಇಳಿಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಇಳಿದು ಚಕ್ರದ ಹಿಂದೆ ಮುಂದಿನ ಸ್ನೋ ಬಿಡಿಸಿ, ಎಳೆಯುವ ಚಕ್ರದ ಕೆಳಗೆ ಮರಳು ಅಥವಾ ಬೆಕ್ಕಿನ ಮಲಮೂತ್ರದ ತಟ್ಟೆಗೆ ಹಾಕುವ ಪುಡಿ (ಕ್ಯಾಟ್ ಲಿಟರ್, ಗಟ್ಟಿಗೊಳ್ಳದ ಜಾತಿಯದು) ಚೆಲ್ಲಿ, ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿ, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ.

ಹೆದ್ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. 2022ರ ಜನವರಿಯಲ್ಲಿ ವರ್ಜೀನಿಯಾದ ಐ-95ರಲ್ಲಿ ಕಾರುಗಳು ಒಂದು ದಿನಕ್ಕೂ ಹೆಚ್ಚು ಹೊತ್ತು ನಿಂತವು. ಅದೇ ವರ್ಷದ ಡಿಸೆಂಬರಿನಲ್ಲಿ ಬಫಲೊ ನಗರದ ಬಿರುಗಾಳಿಯಲ್ಲಿ ಹತ್ತಾರು ಜನ ತೀರಿಕೊಂಡರು, ಕೆಲವರು ತಮ್ಮ ಕಾರಿನಲ್ಲೇ. ಹಾಗೇನಾದರೂ ಆದರೆ ಕಾರು ಬಿಟ್ಟು ನಡೆದು ಹೋಗಬೇಡಿ, ಬಿರುಗಾಳಿಯಲ್ಲಿ ಹತ್ತು ಹೆಜ್ಜೆಗೆ ದಾರಿ ತಪ್ಪುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ, ಪ್ರತಿ ಸಲವೂ ಮುಂಚೆ ಇಳಿದು ಹೊಗೆಕೊಳವೆಯ ಸುತ್ತಲಿನ ಸ್ನೋ ತೆಗೆಯಿರಿ, ಗಾಳಿ ಬೀಸದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ. ಕೊಳವೆ ಮುಚ್ಚಿದ್ದರೆ ಹೊಗೆ ಕಾರಿನೊಳಗೇ ತುಂಬುತ್ತದೆ. ಡಿಕ್ಕಿಯಲ್ಲಿ ದಪ್ಪ ಕಂಬಳಿ, ಪ್ರತಿಯೊಬ್ಬರಿಗೂ ಒಂದು ಜೊತೆ ಕೈಗವಸು ಮತ್ತು ಉಣ್ಣೆ ಟೋಪಿ, ಸಣ್ಣ ಶವೆಲ್, ಟಾರ್ಚು, ಜಂಪರ್ ಕೇಬಲ್, ಚಾರ್ಜ್ ಆದ ಪವರ್ ಬ್ಯಾಂಕ್ ಇರಲಿ. ತಿನ್ನಲು ಕಡಲೆ ಚಿಕ್ಕಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ ಒಳ್ಳೆಯದು, ಚಳಿಗೆ ಕೆಡುವುದಿಲ್ಲ. ನೀರಿನ ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿಸಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ. ಮನೆಯಲ್ಲಿ ಯಾರಾದರೂ ದಿನಾ ಔಷಧಿ ತೆಗೆದುಕೊಳ್ಳುವವರಿದ್ದರೆ, ಅವರ ಒಂದು ದಿನದ ಮಾತ್ರೆ ಕಾರಿನಲ್ಲಿ ಬಿಡದೆ ಕೈಚೀಲದಲ್ಲಿ ಜೊತೆಗಿರಲಿ. ಪುಟ್ಟ ಮಕ್ಕಳನ್ನು ಉಬ್ಬಿದ ಕೋಟು ಹಾಕಿ ಕಾರ್ ಸೀಟಿನಲ್ಲಿ ಕೂರಿಸಬೇಡಿ. ಡಿಕ್ಕಿಯಾದಾಗ ಕೋಟು ಅಮುಕಿಕೊಂಡು ಬೆಲ್ಟು ಸಡಿಲವಾಗುತ್ತದೆ. ಬೆಲ್ಟು ಬಿಗಿದ ಮೇಲೆ ಕೋಟನ್ನು ಹಿಂದುಮುಂದಾಗಿ ಹೊದಿಸಿ.

ಶಾಲೆಗೆ ರಜೆ ಕೊಟ್ಟ ದಿನ ಮನೆಯಲ್ಲಿ ಮೊದಲು ನೋಡಬೇಕಾದ್ದು ಮನೆ ಬೆಚ್ಚಗಿಡುವ ಫರ್ನೇಸಿನ ಬಿಳಿ ಪ್ಲಾಸ್ಟಿಕ್ ಕೊಳವೆಗಳನ್ನು. ಹೊಸ ಮನೆಗಳಲ್ಲಿ ಅವು ಗೋಡೆಯಿಂದ ನೆಲದ ಹತ್ತಿರವೇ ಹೊರಬಂದಿರುತ್ತವೆ. ಸ್ನೋ ಮುಚ್ಚಿದರೆ ಫರ್ನೇಸ್ ನಿಂತುಹೋಗುತ್ತದೆ, ಇಲ್ಲವೇ ವಿಷಗಾಳಿ ಒಳಗೆ ತಿರುಗುತ್ತದೆ. ಅಡುಗೆಮನೆಯ ಸಿಂಕ್ ಹೊರಗೋಡೆಗೆ ತಾಗಿದ್ದರೆ ಕಡು ಚಳಿಯ ರಾತ್ರಿ ಅದರ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು ನಲ್ಲಿಯಿಂದ ನೀರು ತೊಟ್ಟಿಕ್ಕಲು ಬಿಡಿ, ಪೈಪು ಒಡೆಯುವುದಿಲ್ಲ. ಊರಿಗೆ ಹೋಗುವಾಗಲೂ ಥರ್ಮೋಸ್ಟಾಟನ್ನು 55 ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಸಬೇಡಿ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ನಿಲ್ಲುತ್ತದೆ, ತುಂಬಿದ ಫ್ರೀಜರಿನಲ್ಲಿ ಎರಡು ದಿನ. ಮನೆ ಬೆಚ್ಚಗಾಗಲೆಂದು ಗ್ಯಾಸ್ ಒಲೆ ಉರಿಸಿಡುವುದು, ಇದ್ದಲಿನ ಗ್ರಿಲ್ ಒಳಗೆ ತರುವುದು ಖಂಡಿತ ಬೇಡ.

ಮನೆ ಮುಂದಿನ ಡ್ರೈವ್‌ವೇಯ ಸ್ನೋ ತೆಗೆಯುವಾಗ ಎದೆಯ ಕಡೆ ಗಮನವಿರಲಿ. ಚಳಿಗೆ ರಕ್ತನಾಳ ಬಿಗಿದಿರುವಾಗ ತೋಳಿನ ಭಾರದ ಕೆಲಸ ಹೃದಯಕ್ಕೆ ದೊಡ್ಡ ಹೊರೆ, ನಮ್ಮ ಕಡೆಯವರಿಗೆ ಹೃದ್ರೋಗ ಚಿಕ್ಕ ವಯಸ್ಸಿಗೇ ಬರುವುದೂ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ದುಡ್ಡು ಕೊಟ್ಟು ಮಾಡಿಸಿ. ಮಾಡುವವರು ಎತ್ತಿ ಎಸೆಯದೆ ತಳ್ಳಿ, ಸ್ನೋ ನಿಂತ ಮೇಲೆ ಎಂದು ಕಾಯದೆ ಮೂರು ನಾಲ್ಕು ಇಂಚಿಗೊಮ್ಮೆ ತೆಗೆಯಿರಿ. ಬೀದಿಯ ಕಡೆ ಮುಖ ಮಾಡಿ ನಿಂತಾಗ ರಾಶಿ ಬಲಗಡೆಗೆ ಬೀಳಲಿ. ಸ್ನೋ ತಳ್ಳುವ ಲಾರಿ ಎಡದಿಂದ ಬರುವುದರಿಂದ, ಎಡಗಡೆ ಹಾಕಿದ್ದನ್ನೆಲ್ಲ ಮತ್ತೆ ನಿಮ್ಮ ಬಾಗಿಲಿಗೇ ತಂದು ಸುರಿಯುತ್ತದೆ.

ಸಾಮಾನ್ಯ ಕಲ್ಲುಪ್ಪು 15 ಫ್ಯಾರನ್‌ಹೀಟಿನಿಂದ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಹೊರಗೆ ಕರೆದುಕೊಂಡು ಹೋಗುವಾಗ ಚಪ್ಪಲಿ ಬಿಡಿಸಿ, ಬೂಟಿನ ಕೆಳಗೆ ಮುಳ್ಳಿನ ರಬ್ಬರ್ ಪಟ್ಟಿ ಹಾಕಿಸಿ, ಸೀರೆ ನೆರಿಗೆ ಎತ್ತಿ ಕಟ್ಟಿಸಿ, ಪುಟ್ಟ ಹೆಜ್ಜೆ ಇಡಿಸಿ. ಮಾರನೆಯ ದಿನ ಬಿಸಿಲು ಬಂದು ಸೂರಿನ ಸ್ನೋ ಕರಗಿ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿರುತ್ತದೆ, ಎಲ್ಲ ಮುಗಿಯಿತೆಂದು ಎಲ್ಲರೂ ಸಲೀಸಾಗಿ ಓಡಾಡುತ್ತಿರುತ್ತಾರೆ. ಅಂದು ಮಧ್ಯಾಹ್ನ ನಾಲ್ಕು ಗಂಟೆಗೆ, ಹೊತ್ತು ಮುಳುಗುವ ಮುಂಚೆ, ಆ ಮೆಟ್ಟಿಲಿಗೆ ಎರಡು ಹಿಡಿ ಉಪ್ಪು ಎರಚಿಬಿಡಿ.